ವೊಂಬ್ಯಾಟಿನ ಹಿಕ್ಕೆ ಮತ್ತು ನಾನು

ನಾನು ಬೆಟ್ಟ ಹತ್ತುವ ಶೂ. ಎಡ ಬಲ ಎರಡೂ ಸೇರಿ ಒಂದೇ ಜೀವ ಅಂದುಕೊಳ್ಳಿ. ಹುಟ್ಟಿದ್ದು ಆಂಬೂರಿನ ಒಂದು ಕಾರ್ಖಾನೆಯಲ್ಲಿ, ಎಮ್ಮೆಯ ತೊಗಲಿನಿಂದ. ನನ್ನನ್ನು ಹೊಲಿದ ಹೆಂಗಸು ಬಟ್ಟೆಯಿಂದ ಎರಡು ಸಲ ಒರೆಸಿ, ತೆಳು ಕಾಗದದಲ್ಲಿ ಸುತ್ತಿ ಪೆಟ್ಟಿಗೆಗಿಟ್ಟಳು. ಅಷ್ಟು ಶುಚಿಯಾಗಿ ನಾನು ಮತ್ತೆಂದೂ ಇರಲಿಲ್ಲ.

ಹಡಗು ಹತ್ತಿ ಆಸ್ಟ್ರೇಲಿಯಾಕ್ಕೆ ಬಂದೆ. ಸಿಡ್ನಿಯಲ್ಲಿ ನನ್ನನ್ನು ಕೊಂಡ ಟೀಚರಮ್ಮನಿಗೆ ಹೆಬ್ಬೆರಳು ಒತ್ತಿತು. ಎರಡು ಸಲ ಹಾಕಿ, ಹಳೆಯ ಸಾಮಾನಿನ ಅಂಗಡಿಗೆ ಕೊಟ್ಟುಬಿಟ್ಟಳು. ಅಲ್ಲಿಂದ ನನ್ನನ್ನು ಎತ್ತಿಕೊಂಡವಳು ವಿಜಯಪುರದ ನೀಲಾಂಬಿಕೆ ಬಿದರಿ. ನೀಲಿ ಪರ್ವತಗಳ ಬುಡದ ಊರಿನ ವೃದ್ಧಾಶ್ರಮದಲ್ಲಿ ಅಡುಗೆಯವಳು. ಗಂಡ ಚನ್ನವೀರ ಬಸ್ ಡ್ರೈವರ್. ಅವನಿಗೆ ಅಲ್ಲಿನ ಕಾಡುಪ್ರಾಣಿಗಳೆಂದರೆ ಪ್ರಾಣ, ಅವಳಿಗೆ ವಾಕರಿಕೆ. ಆ ವಿಷಯದಲ್ಲಿ ನಾನು ಅವಳ ಕಡೆ.

ಅವರ ಮನೆಯ ಜಗಲಿಯಲ್ಲಿ ನನ್ನ ವಾಸ. ಮಾಡಿನ ಸಂದಿಯಲ್ಲಿ ಪಾಸಮ್ ಎಂಬ, ಬೆಕ್ಕಿನಷ್ಟು ದೊಡ್ಡ, ಪೊದೆಬಾಲದ ಪ್ರಾಣಿ ಸಂಸಾರ ಹೂಡಿತ್ತು. ಅದು ಮೂತ್ರ ಮಾಡುತ್ತಿದ್ದದ್ದು ಸರಿಯಾಗಿ ನನ್ನ ಮೇಲೆ. ಬಿಳಿ ಕಾಕಟೂ ಗಿಳಿಗಳು ಜಗಲಿಯ ಕಟಕಟೆಯನ್ನು ಕಚ್ಚಿ ಪುಡಿ ಮಾಡಿ, ಅದರ ಮೇಲೇ ಹಿಕ್ಕೆ ಹಾಕಿ ಹೋಗುತ್ತಿದ್ದವು. ಪರದೆಯ ಹಿಂದೆ ಅಂಗೈಯಗಲದ ಜೇಡ.

"ಇದು ಮನಿ ಐತೋ ಕೊಟ್ಟಿಗಿ ಐತೋ?" ಎಂದು ನೀಲಾಂಬಿಕೆ ಪೊರಕೆ ಹಿಡಿಯುತ್ತಿದ್ದಳು.

"ಅವು ನಮ್ಮಕಿಂತ ಮೊದಲ ಬಂದಾವಲ್ಲ," ಎನ್ನುತ್ತಿದ್ದ ಚನ್ನವೀರ.

"ಮೊದಲ ಬಂದ್ರ ತಲಿ ಮ್ಯಾಲ ಉಚ್ಚಿ ಹೊಯ್ಯಬೇಕೇನು?"

ರಜೆ ಬಂತೆಂದರೆ ಅವನು ಅವಳನ್ನು ಬೆಟ್ಟಕ್ಕೆ ಎಳೆದೊಯ್ಯುತ್ತಿದ್ದ. ಮೊದಲನೆಯ ಸಲ ಜಿಗಣೆಗಳು ನನ್ನ ದಾರದ ತೂತುಗಳಲ್ಲೇ ಒಳಗೆ ನುಸುಳಿದವು. ರಕ್ತ ಕುಡಿದು ದ್ರಾಕ್ಷಿಯಂತೆ ಊದಿದ ಒಂದು ಅವಳ ಹಿಮ್ಮಡಿಯ ಕೆಳಗೆ ಒಡೆಯಿತು. ಆ ಅಂಟು ನನ್ನ ಒಳಗಿನ ಬಟ್ಟೆಯಿಂದ ಇವತ್ತಿಗೂ ಹೋಗಿಲ್ಲ.

ಎರಡನೆಯ ವರ್ಷದ ಚಳಿಗಾಲ. ಬೆಳಿಗ್ಗೆ ಮಂಜಿನಲ್ಲಿ ಬೆಟ್ಟದ ರಸ್ತೆ ಏರುತ್ತಿದ್ದಾಗ ಚನ್ನವೀರ ಕಾರು ನಿಲ್ಲಿಸಿದ. ಅಂಚಿನಲ್ಲಿ ಒಂದು ವೊಂಬ್ಯಾಟ್ ಸತ್ತು ಬಿದ್ದಿತ್ತು. ಗಿಡ್ಡ ಕಾಲಿನ, ಕೊಬ್ಬಿದ ಹಂದಿಯಷ್ಟು ಗಾತ್ರದ, ಬಿಲದಲ್ಲಿರುವ ಪ್ರಾಣಿ ಅದು, ಕಾಂಗರೂವಿನಂತೆ ಹೊಟ್ಟೆಯ ಚೀಲದಲ್ಲಿ ಮರಿ ಹೊರುತ್ತದೆ. ಯಾವುದೋ ಗಾಡಿ ಹೊಡೆದಿತ್ತು. ಕಣ್ಣಿನ ಸುತ್ತ ನೊಣ, ಬಾಯಲ್ಲಿ ಹುಳ.

"ಹೊಟ್ಟಿ ಕಡೆ ಅಲ್ಯಾಡಾಕತ್ತೈತಿ," ಎಂದ ಚನ್ನವೀರ. "ಚೀಲದಾಗ ಮರಿ ಐತಿ."

ಬಸ್ ಓಡಿಸಿ ಓಡಿಸಿ ಅವನ ಸೊಂಟ ಹಿಡಿದಿತ್ತು, ಬಗ್ಗಲು ಆಗುತ್ತಿರಲಿಲ್ಲ. ಗಾಯಗೊಂಡ ಪ್ರಾಣಿಗಳನ್ನು ಸಾಕುವ ಮಾರ್ಗರೆಟ್ ಎಂಬ ಮುದುಕಿಯ ನಂಬರ್ ಅವನ ಹತ್ತಿರ ಇತ್ತು. ಫೋನಿನಲ್ಲಿ ಅವಳು ಹೇಳಿದ್ದು ನನಗೂ ಕೇಳಿಸಿತು. "ಮರಿಯನ್ನು ಎಳೆಯಬೇಡಿ. ಮೊಲೆತೊಟ್ಟನ್ನು ಬಾಯಲ್ಲಿ ಕಚ್ಚಿಕೊಂಡಿರುತ್ತದೆ, ಎಳೆದರೆ ಬಾಯಿ ಹರಿಯುತ್ತದೆ. ತೊಟ್ಟನ್ನೇ ಬುಡದಲ್ಲಿ ಕತ್ತರಿಸಿ. ಬೇಗ, ತಾಯಿಯ ಮೈ ತಣ್ಣಗಾಗಿರುತ್ತದೆ."

ನೀಲಾಂಬಿಕೆ ನಿಂತಲ್ಲೇ ವಾಂತಿ ಮಾಡಿಕೊಂಡಳು. ಅರ್ಧ ರಸ್ತೆಗೆ, ಅರ್ಧ ನನಗೆ.

"ನನ್ನ ಕೈಲಿ ಆಗಂಗಿಲ್ಲ."

"ಆತು, ಬ್ಯಾಡ ಬಿಡು," ಎಂದು ಅವನು ಸೊಂಟ ಹಿಡಿದುಕೊಂಡು ತಾನೇ ಮೊಣಕಾಲೂರಲು ಹೋದ. ನೋವಿಗೆ ಮುಖ ಬೆಳ್ಳಗಾಯಿತು. ಅವಳು ಅವನನ್ನು ಪಕ್ಕಕ್ಕೆ ಸರಿಸಿದಳು. "ಸರೀರಿ. ನೀವೂ ಇಲ್ಲೇ ಬಿದ್ರ ಇಬ್ಬರನ್ನೂ ಹೊರಾಕ ನನ್ನಿಂದ ಆಗಂಗಿಲ್ಲ."

ವೊಂಬ್ಯಾಟಿನ ಚೀಲದ ಬಾಯಿ ಹಿಂದಕ್ಕಿರುತ್ತದೆ. ಅವಳು ಆ ಕೊಳೆತ ನಾತದೊಳಗೆ ಮೊಣಕೈವರೆಗೂ ಕೈ ಹಾಕಿದಳು. ಹುಳಗಳು ನನ್ನ ಮೂತಿಯ ಮೇಲೆ ಉದುರಿದವು. ಕಾರಿನಲ್ಲಿದ್ದ ಔಷಧಿ ಡಬ್ಬಿಯ ಕತ್ತರಿ ಒಮ್ಮೆ ಜಾರಿತು, ಎರಡನೆಯ ಸಲ ಕತ್ತರಿಸಿತು. ಹೊರಬಂದದ್ದು ರೋಮವಿಲ್ಲದ, ಗುಲಾಬಿ ಬಣ್ಣದ, ಚರ್ಮ ಜೋತ ಒಂದು ಮುದ್ದೆ. ನೋಡಲು ಅಸಹ್ಯವಾಗಿತ್ತು. ಅದನ್ನು ಅವಳು ಕುಪ್ಪಸದೊಳಗೆ ಎದೆಗಿಟ್ಟುಕೊಂಡಳು. ಮಾರ್ಗರೆಟ್ ಮನೆ ತಲುಪುವ ತನಕ ದಾರಿಯುದ್ದಕ್ಕೂ "ಛೀ, ಛೀ" ಎನ್ನುತ್ತಲೇ ಇದ್ದಳು, ಕೈ ಮಾತ್ರ ತೆಗೆಯಲಿಲ್ಲ.

"ಉಳಿಯುವುದು ಅರ್ಧಕ್ಕರ್ಧ," ಎಂದಳು ಮಾರ್ಗರೆಟ್.

ಮರಿ ಉಳಿಯಿತು. ನೀಲಾಂಬಿಕೆ ಕೆಲಸ ಮುಗಿಸಿ ದಿನವೂ ಅಲ್ಲಿಗೆ ಹೋಗಿ ಬಾಟಲಿ ಹಾಲು ಕುಡಿಸಿ ಬರತೊಡಗಿದಳು. ಅದನ್ನು "ದರಿದ್ರದ್ದು" ಎಂದು ಕರೆಯುತ್ತಿದ್ದಳು. ಅದೇ ಹೆಸರೆಂದು ತಿಳಿದು ಮಾರ್ಗರೆಟ್ "ದರ್ರಿ" ಅನ್ನತೊಡಗಿದಳು.

ಕೆಲವು ತಿಂಗಳಾದ ಮೇಲೆ, ಹುಲ್ಲು ತಿನ್ನಲು ಹಿಡಿದಾಗ, ದರ್ರಿಗೆ ಭೇದಿ ಹತ್ತಿತು. ನನ್ನೊಳಗೂ ಒಂದು ಸಲ ಮಾಡಿತು. ವಾರದಲ್ಲಿ ಪಕ್ಕೆಲುಬು ಕಂಡವು. ವೈದ್ಯರು ಕೊಟ್ಟ ಔಷಧಿ ಹಿಡಿಯಲಿಲ್ಲ.

"ಮರಿಗಳು ತಾಯಿಯ ಹಿಕ್ಕೆ ತಿಂದು ಹುಲ್ಲು ಅರಗಿಸುವುದನ್ನು ಕಲಿಯುತ್ತವೆ," ಎಂದಳು ಮಾರ್ಗರೆಟ್. "ಇದಕ್ಕೆ ತಾಯಿ ಇಲ್ಲ. ಆರೋಗ್ಯವಾದ ವೊಂಬ್ಯಾಟಿನ ಹಸಿ ಹಿಕ್ಕೆ ಬೇಕು. ನನ್ನ ಮಂಡಿ ಬೆಟ್ಟ ಹತ್ತುವುದಿಲ್ಲ."

ನೀಲಾಂಬಿಕೆ ಒಂದು ಪ್ಲಾಸ್ಟಿಕ್ ಚೀಲ ತೆಗೆದುಕೊಂಡಳು. ಆಮೇಲೆ ನನ್ನ ದಾರ ಬಿಗಿದಳು.

ಜಿನುಗು ಮಳೆಯಲ್ಲಿ ಮೂರು ಗಂಟೆ ಹತ್ತಿದೆವು. ವೊಂಬ್ಯಾಟಿನ ಹಿಕ್ಕೆ ಚೌಕಾಕಾರ, ಬೆಲ್ಲದ ಅಚ್ಚಿನ ಹಾಗೆ. ಬಂಡೆಯ ಮೇಲೆ ಜೋಡಿಸಿಟ್ಟಂತಿರುತ್ತದೆ. ಸಿಕ್ಕಿದ್ದೆಲ್ಲ ಒಣಗಿದ್ದು. ಅವಳು ಒಂದೊಂದನ್ನೂ ಎತ್ತಿ, ಮುರಿದು, ಮೂಸಿ ಬಿಸಾಡಿದಳು. ಹಸಿಯದನ್ನು ಮೊದಲು ಕಂಡದ್ದು ನಾನು, ಅಂದರೆ ತುಳಿದೆ. "ಸಿಕ್ತು," ಎಂದಳು ಅವಳು. ಅಂಥ ದನಿಯಲ್ಲಿ ಅವಳು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ನನ್ನ ಅಡಿಗೆ ಮೆತ್ತಿದ್ದನ್ನೂ ಕಡ್ಡಿಯಿಂದ ಕೆರೆದು ಚೀಲಕ್ಕೆ ಹಾಕಿಕೊಂಡಳು.

ವೃದ್ಧಾಶ್ರಮದ ಅರವತ್ತು ಮಂದಿಗೆ ಅಡುಗೆ ಮಾಡುವ ಕೈ ಅದನ್ನು ನೀರಲ್ಲಿ ಕಲಸಿ ದರ್ರಿಗೆ ತಿನ್ನಿಸಿತು. ಮುಖ ಮಾತ್ರ ಗೋಡೆಯ ಕಡೆಗಿತ್ತು. ಐದನೆಯ ದಿನ ಅವಳು ಗಂಡನಿಗೆ ಫೋನ್ ಮಾಡಿದಳು. "ಗಟ್ಟಿ ಹಾಕೇತ್ರಿ," ಎಂದು ಹೇಳಿ ಅಳತೊಡಗಿದಳು.

ಮರುವರ್ಷ ದರ್ರಿಯನ್ನು ಬೆಟ್ಟದ ಮೇಲೆ ಬಿಟ್ಟೆವು. ಹೋಗುವ ಮುನ್ನ ಅದು ನನ್ನ ಬಲ ಹಿಮ್ಮಡಿಯನ್ನು ಕಚ್ಚಿ ಹರಿದುಹಾಕಿತು. ಬಿಲ ಹೊಕ್ಕಿತು, ತಿರುಗಿ ನೋಡಲಿಲ್ಲ. ನೀಲಾಂಬಿಕೆ ತೊರೆಯಲ್ಲಿ ಮೂರು ಸಲ ಕೈ ತೊಳೆದುಕೊಂಡಳು.

ಹರಿದ ನನ್ನನ್ನು ಹಿತ್ತಲಿನ ತಗಡಿನ ಶೆಡ್ಡಿಗೆ ಹಾಕಿದರು. ಇಲ್ಲಿ ಇಲಿಯಂಥ ಯಾವುದೋ ಕಾಡಿನ ಸಣ್ಣ ಪ್ರಾಣಿ ನನ್ನ ಎಡ ಭಾಗದೊಳಗೆ ಎಲೆ ತುಂಬಿ ಮರಿ ಹಾಕಿದೆ. ಎಂಟೋ ಒಂಬತ್ತೋ. ಒಳಗೆಲ್ಲ ಒದ್ದೆ, ಗಬ್ಬು ನಾತ. ಮೊನ್ನೆ ನೀಲಾಂಬಿಕೆ ಕಸಕ್ಕೆಸೆಯಲೆಂದು ನನ್ನನ್ನೆತ್ತಿದವಳು ಒಳಗೆ ಇಣುಕಿ, ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಬೈದಳು. ಆಮೇಲೆ ಎಲೆ ಚೆಲ್ಲದ ಹಾಗೆ ನನ್ನನ್ನು ಮತ್ತೆ ಅಲ್ಲೇ ಇಟ್ಟು, ಗಾಳಿ ಬಡಿಯದಂತೆ ಗೋಡೆಯ ಕಡೆಗೆ ತಿರುಗಿಸಿದಳು.

ಪ್ರೀತಿಯಿದ್ದವರಿಗೆ ಇದೆಲ್ಲ ಸುಲಭವಿರಬಹುದು. ಅವಳಿಗೆ ಇನ್ನೂ ಹೇಸಿಗೆಯೇ. ನನಗೂ. ಮರಿಗಳು ಕದಲಿದಾಗ ನಾನು ಉಸಿರು ಬಿಗಿಹಿಡಿದು, ಅಲುಗದೆ ಕೂರುತ್ತೇನೆ.