ಎಡಗಡೆಗೆ ಬಂದ ಬಲಗಡೆ ಪೈಪು

ಕೆಲಸಕ್ಕೆ ತೆಗೆದುಕೊಳ್ಳುವ ಮುಂಚೆ ಹೀರಾ ಅಕ್ಕ ಕೇಳಿದ್ದು ಒಂದೇ ಪ್ರಶ್ನೆ.

"ಪೈಪ್ ಬಿಡಸಾಕ ನಾವು ಹೊಸಾ ಸಾಫ್ಟ್‌ವೇರ್ ತಗೊಂಡೀವಿ. ನಿನಗ ಬರತೈತೇನು?"

ತೇರದಾಳದ ನಿಶಾಂತ ಆ ಸಾಫ್ಟ್‌ವೇರಿನ ಹೆಸರು ಕೇಳಿದ್ದೇ ಅವತ್ತು. ಆದರೂ ಕಣ್ಣು ಪಿಳುಕಿಸದೆ, "ಎಲ್ಲಾ ಒಂದ ರೀ ಅಕ್ಕಾರ, ಬಟನ್ ಅಷ್ಟ ಬ್ಯಾರೆ" ಎಂದ. ಕೆಲಸ ಸಿಕ್ಕಿತು.

ಹೀರಾ ಅಕ್ಕನ ಕಾರ್ಖಾನೆ ಮುಧೋಳದ ಹೊರಗೆ, ಜಮಖಂಡಿ ರಸ್ತೆಯಲ್ಲಿ. ಕಬ್ಬನ್ನು ತಬ್ಬಿ ಎತ್ತಿ ಟ್ರೇಲರಿಗೆ ತುಂಬುವ ಲೋಡರುಗಳನ್ನು ಅಲ್ಲಿ ಮಾಡುತ್ತಾರೆ. ಲೋಡರಿನ ತೋಳು ಏಳಬೇಕಾದರೆ ಒತ್ತಡದ ಎಣ್ಣೆ ಬೇಕು. ಎಣ್ಣೆಗೆ ಉಕ್ಕಿನ ಪೈಪು ಬೇಕು, ಬಲಕ್ಕೊಂದು, ಎಡಕ್ಕೊಂದು. ಆ ಪೈಪು ಎಂಜಿನ್ನು, ಗಾಲಿ, ಡ್ರೈವರನ ಮೊಣಕಾಲು ಎಲ್ಲವನ್ನೂ ತಪ್ಪಿಸಿಕೊಂಡು ಬಾಗಿ ಬಳುಕಿ ತೋಳು ಮುಟ್ಟಬೇಕು. ಅದರ ದಾರಿಯನ್ನು ಕಂಪ್ಯೂಟರಿನಲ್ಲಿ ಬಿಡಿಸುವುದು ನಿಶಾಂತನ ಕೆಲಸ. ಬೆಳಗಾವಿಯಲ್ಲಿ ಬೇರೊಂದು ಸಾಫ್ಟ್‌ವೇರಿನಲ್ಲಿ ಇದನ್ನೇ ಮಾಡಿದ್ದ. ಅಲ್ಲಿ ಎರಡು ತುದಿ ತೋರಿಸಿದರೆ ಪೈಪು ತಾನೇ ದಾರಿ ಹುಡುಕಿಕೊಳ್ಳುತ್ತಿತ್ತು.

ಇಲ್ಲಿಯ ಪೈಪು ಅಷ್ಟು ಜಾಣವಾಗಿರಲಿಲ್ಲ. ಮೊದಲು ಅದರ ನಡುಗೆರೆ ಎಳೆಯಬೇಕು. ಗೆರೆ ಎಳೆಯಲು ಗಾಳಿಯಲ್ಲಿ ಒಂದು ಕಾಣದ ಹಲಗೆ ನಿಲ್ಲಿಸಬೇಕು. ಪ್ರತಿ ಬಾಗಿಗೂ ಇನ್ನೊಂದು ಹಲಗೆ. ಮೊದಲ ದಿನ ನಿಶಾಂತ ಪೈಪನ್ನು ಡೀಸೆಲ್ ಟ್ಯಾಂಕಿನೊಳಗಿಂದ ಒಯ್ದ. ಮರುದಿನ ಟ್ಯಾಂಕು ತಪ್ಪಿಸಿ ಸೀಟಿನ ನಟ್ಟನಡುವೆ ಹಾಯಿಸಿದ. ಪರದೆಯ ಮೇಲೆ ಡ್ರೈವರ್ ಇರಲಿಲ್ಲವಾದ್ದರಿಂದ ಯಾರಿಗೂ ಪೆಟ್ಟಾಗಲಿಲ್ಲ. ಕಲಿಯೋಣವೆಂದು ಯೂಟ್ಯೂಬ್ ತೆರೆದರೆ, ಯಾವ ದೇಶದವನೋ ಪುಣ್ಯಾತ್ಮ, ತುಟಿ ಬಿಚ್ಚದೆ, ಕಿವಿ ಒಡೆಯುವ ಸಂಗೀತ ಹಾಕಿಕೊಂಡು, ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಇಡೀ ಹಡಗಿನ ಪೈಪುಗಳನ್ನು ಮುಗಿಸಿಬಿಡುತ್ತಿದ್ದ.

ಅಕ್ಕ ಬಂದು ಇಣುಕಿದಾಗಲೆಲ್ಲ ನಿಶಾಂತ ಚಿತ್ರವನ್ನು ಗಿರಗಿರ ತಿರುಗಿಸುತ್ತಿದ್ದ. ತಿರುಗುವ ಚಿತ್ರದ ಬಗ್ಗೆ ಯಾರೂ ಪ್ರಶ್ನೆ ಕೇಳುವುದಿಲ್ಲ ಎಂಬುದು ಅವನು ಬೆಳಗಾವಿಯಲ್ಲಿ ಗಳಿಸಿದ ಬಹುಮುಖ್ಯ ತಾಂತ್ರಿಕ ಜ್ಞಾನ.

"ಆತೇನೋ?"

"ಆತ್ರಿ ಅಕ್ಕಾರ. ಫಿನಿಶಿಂಗ್ ಅಷ್ಟ ಉಳದೈತಿ."

ಹಾಗೂ ಹೀಗೂ ಬಲಗಡೆಯ ಪೈಪು ಸಿದ್ಧವಾಯಿತು. ಲೋಡರಿಗೆ ಹಚ್ಚಿದರೆ ಸರಿಯಾಗಿ ಕೂತೇಬಿಟ್ಟಿತು. ಹೇಗೆ ಕೂತಿತೆಂದು ನಿಶಾಂತನಿಗೇ ತಿಳಿಯಲಿಲ್ಲ. ತಿಳಿದವನಂತೆ ತಲೆ ಮಾತ್ರ ಆಡಿಸಿದ. ಉಳಿದದ್ದು ಎಡಗಡೆ. ಕನ್ನಡಿಯಲ್ಲಿ ಕಂಡ ಹಾಗೆ ಅದೇ ಪೈಪು, ಉಲ್ಟಾ. ಸಾಫ್ಟ್‌ವೇರಿನಲ್ಲಿ 'ಮಿರರ್' ಎಂಬ ಬಟನ್ನೇ ಇತ್ತು. ಒತ್ತಿದ. ಪರದೆಯ ಮೇಲೆ ಎಡಗಡೆ ಪೈಪು ಮುತ್ತಿನಂತೆ ಮೂಡಿತು. ಇಷ್ಟು ಸರಳ ಸಾಫ್ಟ್‌ವೇರಿಗೆ ಜನ ಹೆದರುತ್ತಾರಲ್ಲ ಎಂದು ಅವನಿಗೆ ಲೋಕದ ಮೇಲೆ ಕನಿಕರ ಹುಟ್ಟಿತು.

ಎಲ್ಲಿ ಎಷ್ಟು ಬಾಗಿಸಬೇಕು, ಯಾವ ಕಡೆ ತಿರುವಬೇಕು ಎಂಬ ಕೋಷ್ಟಕವನ್ನು ಪ್ರಿಂಟ್ ತೆಗೆದು ಪೈಪು ಬಾಗಿಸುವ ಈಶ್ವರನ ಕೈಗಿತ್ತ.

"ಎಷ್ಟ ಮಾಡ್ಲಿರಿ ಸರ?"

"ಒಂದ ಡಜನ್ ಮಾಡಿಬಿಡು."

ಒಂದು ಮಾಡಿ, ಹಚ್ಚಿ ನೋಡಿ, ಆಮೇಲೆ ಉಳಿದವನ್ನು ಮಾಡುವುದು ಅಳ್ಳೆದೆಯವರ ಪದ್ಧತಿ. ಈಶ್ವರನೂ ಎದುರಾಡಲಿಲ್ಲ. ಕಾಗದ ಹೇಳಿದರೆ ಪೈಪಿಗೆ ಗಂಟು ಹಾಕಲೂ ಹಿಂಜರಿಯದ ಮನುಷ್ಯ ಅವನು.

ಪೈಪುಗಳೇನೋ ಫಳಫಳ ಹೊಳೆಯುತ್ತ ಬಂದವು. ಒಂದನ್ನು ಎಡಗಡೆಗೆ ಹಚ್ಚಿದರು. ಒಂದು ತುದಿ ಪಂಪಿಗೆ ಕೂತಿತು. ಇನ್ನೊಂದು ತುದಿ ಗಾಲಿಯ ಕಡೆ ಹೊರಟಿತ್ತು. ತಿರುವಿದರು. ಆಗ ಆಕಾಶ ನೋಡಿತು. ಈಶ್ವರ ಎರಡನೆಯದನ್ನು ತಂದ. ಅದೂ ಅಣ್ಣನ ದಾರಿಯನ್ನೇ ಹಿಡಿಯಿತು. ಎಡಗಾಲಿಗೆ ಬಲಗಾಲಿನ ಚಪ್ಪಲಿ ಮೆಟ್ಟಿಸಿದ ಹಾಗೆ. ಬಂದವೆಲ್ಲ ಬಲಗಡೆಯ ಪೈಪುಗಳೇ.

"ಇದೇನೋ ಇದು?" ಹೀರಾ ಅಕ್ಕ ಬಂದು ನಿಂತಿದ್ದಳು.

"ಸಾಫ್ಟ್‌ವೇರ್‌ದಾಗ ದೋಷ ಐತ್ರಿ ಅಕ್ಕಾರ."

"ಹೌದಾ? ಹಂಗಾದ್ರ ಮಾರಿದವರನ್ನ ಬಿಡಬಾರದು" ಎಂದವಳೇ ಸಾಫ್ಟ್‌ವೇರ್ ಮಾರಿದ ಕಂಪನಿಯ ಮೇಘಾಳಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದಳು. ನಿಶಾಂತ ತೊದಲುತ್ತ ಸಂಗತಿ ಹೇಳಿದ. ದಿನವಿಡೀ ಕಿರುಚುವ ಗ್ರೈಂಡರುಗಳು ಆ ಹೊತ್ತಿಗೇ ಸುಮ್ಮನಾಗಿದ್ದವು.

"ಮಿರರ್ ಒತ್ತಿದ್ರ ಚಿತ್ರ ಅಷ್ಟ ಉಲ್ಟಾ ಆಗ್ತೈತ್ರಿ ಸರ" ಎಂದಳು ಮೇಘಾ. "ಕೋಷ್ಟಕ ಹಳೇದ ಇರತೈತಿ. ಅದನ್ನ ಬ್ಯಾರೆನ ಬದಲಿ ಮಾಡಬೇಕ್ರಿ. ಮೊದಲನೇ ಪಾಠದಾಗ ಐತಲ್ರಿ ಅದು!"

ಈಶ್ವರ ಕೆಮ್ಮಿದ. ಅಕ್ಕ ಫೋನ್ ಇಟ್ಟಳು.

"ಖರೆ ಹೇಳು. ಇದು ನಿನಗ ಬರತೈತೋ ಇಲ್ಲೋ?"

ತಿರುಗಿಸಲು ಎದುರಿಗೆ ಚಿತ್ರವಿರಲಿಲ್ಲ. "ಇಲ್ರಿ" ಎಂದ ನಿಶಾಂತ.

"ನನಗೂ ಬರಂಗಿಲ್ಲ" ಎಂದಳು ಅಕ್ಕ. "ಕೊಲ್ಲಾಪುರದ ಪ್ರದರ್ಶನದಾಗ ಒಬ್ಬಾಂವ ಇದನ್ನ ನಿನ್ನಂಗ ತಿರುಗಿಸಿ ತಿರುಗಿಸಿ ತೋರ್ಸಿದ. ಛಲೋ ಕಂಡ್ತು, ತಗೊಂಡ್ನಿ. ಕೆಲಸಾ ಕೇಳಾಕ ಬಂದವ್ರೆಲ್ಲಾ ಬರತೈತಿ ಅಂತನ ಅಂದ್ರು. ಅವರಾಗ ನೀ ಒಬ್ಬನ 'ಅಕ್ಕಾರ' ಅಂದಿ, ಉಳಿದಾವ್ರು 'ಮೇಡಂ' ಅಂದ್ರು."

ತನ್ನ ಇಂಜಿನಿಯರಿಂಗ್ ಪದವಿಯ ಬೆಲೆ ನಿಶಾಂತನಿಗೆ ಅವತ್ತು ಗೊತ್ತಾಯಿತು.

"ನಾಳಿಂದ ಆ ಹುಡಿಗಿ ಕಡೆ ಮೊದಲನೇ ಪಾಠ ಹೇಳಿಸ್ಕೋ. ಹಾಳಾದ ಪೈಪ್ ಕಪಾಟಿನ್ಯಾಗ ಇಡ್ರಿ. ಬಲಗಡೇದು ಒಡದ್ರ ಬಂದೀತು."

ಬಲಗಡೆಯದು ಇವತ್ತಿನವರೆಗೂ ಒಡೆದಿಲ್ಲ.

ಬಾಲವಾಡಿ ಮಗುವಿನಂತೆ ನಿಶಾಂತ ದಿನಾ ಬೆಳಿಗ್ಗೆ ಫೋನಿನ ಮುಂದೆ ಕೂತ. ಹಲಗೆ ನಿಲ್ಲಿಸುವುದನ್ನು ಕಲಿತ, ಬಾಗಿಗೆ ಅಳತೆ ಕೊಡುವುದನ್ನು ಕಲಿತ. ಗೊತ್ತಾಗದ ಕಡೆ ಗೊತ್ತಾಗಲಿಲ್ಲ ಎನ್ನುವುದನ್ನೂ ಕಲಿತ. ಇದಕ್ಕೇ ಎಲ್ಲಕ್ಕಿಂತ ಹೆಚ್ಚು ದಿನ ಹಿಡಿಯಿತು. ಕಡೆಗೆ ಎಡಗಡೆ ಪೈಪನ್ನು ಬುಡದಿಂದ ತಾನೇ ಬಿಡಿಸಿದ. ಈಶ್ವರ ಒಂದನ್ನು ಬಾಗಿಸಿ ತಂದ. ಹಚ್ಚಿದಾಗ ಎರಡೂ ತುದಿ ತಂತಮ್ಮ ಜಾಗಕ್ಕೆ ಸುಮ್ಮನೆ ಹೋಗಿ ಕೂತವು. ಈ ಸಲ ಅದು ಯಾಕೆ ಕೂತಿತೆಂದು ನಿಶಾಂತನಿಗೆ ಗೊತ್ತಿತ್ತು.

ಆ ಲೋಡರು ಗಲಗಲಿಯ ಹುಲೆಪ್ಪನ ಕಬ್ಬಿನ ಹೊಲಕ್ಕೆ ಹೋಯಿತು. ನಿಶಾಂತನೂ ಹಿಂದೆಯೇ ಹೋದ. ಹುಲೆಪ್ಪ ಹತ್ತಿ ಕೂತು ಹಿಡಿಕೆ ಎಳೆದಾಗ, ತೋಳು ಹೊರೆಗಟ್ಟಲೆ ಕಬ್ಬು ಎತ್ತಿಕೊಂಡು ಮೇಲೆದ್ದಿತು. ನಿಶಾಂತ ನೆಲಕ್ಕೆ ಮಂಡಿಯೂರಿ ಬಗ್ಗಿ ನೋಡಿದ. ಎರಡೂ ಪೈಪಿನಿಂದ ಒಂದು ಹನಿ ಎಣ್ಣೆಯೂ ಜಿನುಗಿರಲಿಲ್ಲ. ಹೊಗಳಿಕೆ ಸ್ವೀಕರಿಸಲು ಎದ್ದು ಅಂಗಿ ಸರಿಮಾಡಿಕೊಂಡ.

"ಹೆಂಗೈತ್ರಿ ಕಾಕಾ?"

ಹುಲೆಪ್ಪ ಕುಂಡೆ ಅತ್ತಿತ್ತ ಸರಿಸಿದ.

"ಎಲ್ಲಾ ಛಲೋ ಐತಿ ಬಿಡಪಾ. ಸೀಟ್ ಅಷ್ಟ ಭಾಳ ಬಿರುಸಾಗೇತಿ ನೋಡು."