ಓದಿ ನಿಜ ಹೇಳು

“ಕೊನೇ ಪುಟ ಓದಿ ಅಳು ಬಂತು ಅಂತ ಬರೆದಿದ್ರಂತಲ್ಲ ಆಂಟಿ ನೀವು?” ಎಂದಳು ದೀಕ್ಷಾ.

ಮೈಸೂರಿನಿಂದ ಬಂದ ಆ ದನಿ ಅಚ್ಚು ಅವಳಮ್ಮ ಪದ್ಮಾವತಿಯದೇ. ಹಮಾಮತ್ಸುವಿನ ಮೂರನೇ ಮಹಡಿಯ ಮನೆಯಲ್ಲಿ ಪರದೆಯ ಕಂಬಿಗೆ ಒದ್ದೆ ಕಾಲುಚೀಲ ಸಿಕ್ಕಿಸುತ್ತಿದ್ದ ವೇದವಲ್ಲಿಯ ಕೈ ಅಲ್ಲೇ ನಿಂತಿತು. ಜೂನ್ ತಿಂಗಳ ಜಿಟಿಜಿಟಿ ಮಳೆಗೆ ಬಟ್ಟೆಯೆಲ್ಲ ಮನೆಯೊಳಗೇ ಒಣಗಬೇಕು. ಫೋನನ್ನು ಕೆನ್ನೆಗೂ ಭುಜಕ್ಕೂ ನಡುವೆ ಒತ್ತಿಕೊಂಡು, “ಹೂಂ ಪುಟ್ಟಿ,” ಎಂದಳು. ಪದ್ಮ ಕೊರೊನಾದಲ್ಲಿ ಹೋಗಿ ಇಪ್ಪತ್ತೆರಡು ದಿನವಾಗಿತ್ತು. ಆಸ್ಪತ್ರೆಯ ಬಾಗಿಲತನಕ ಗಂಡ ಮೋಹನ ಬಿಟ್ಟು ಬಂದದ್ದು, ಆಮೇಲೆ ಚೀಲದಲ್ಲಿ ಕಟ್ಟಿದ್ದನ್ನು ದೂರದಿಂದ ತೋರಿಸಿದ್ದು, ಅಷ್ಟೇ. ವೇದವಲ್ಲಿ ಹೊರಡೋಣವೆಂದರೆ ವಿಮಾನವಿರಲಿಲ್ಲ. ಹೋದರೆ ಜಪಾನಿನವರು ಮತ್ತೆ ಒಳಗೆ ಬಿಟ್ಟುಕೊಳ್ಳುತ್ತಾರೆಂಬ ಭರವಸೆಯೂ ಇರಲಿಲ್ಲ.

“ಅಪ್ಪನ ಫ್ರೆಂಡು ಜಯಪ್ರಕಾಶ್ ಅಂಕಲ್ ಪ್ರೆಸ್ ಇಟ್ಟಿದಾರಲ್ಲ, ವರ್ಷದ ತಿಥಿ ಹೊತ್ತಿಗೆ ಅಮ್ಮನ ಕಾದಂಬರಿ ಬುಕ್ ಮಾಡಿಕೊಡ್ತೀನಿ ಅಂದ್ರು. ಅಮ್ಮನ ಸಿಡಿ ಹಾಕಿ ನೋಡಿದ್ವಿ ಆಂಟಿ, ಓಪನ್ನೇ ಆಗಲ್ಲ. ಹಿಂದ್ಗಡೆ ಬೆಳ್ಳಿ ಎಲ್ಲಾ ಈರುಳ್ಳಿ ಸಿಪ್ಪೆ ಥರ ಎದ್ದಿದೆ. ಡಿಟಿಪಿ ಸೆಂಟರಿನ ಕಂಪ್ಯೂಟರು ಯಾವತ್ತೋ ಗುಜರಿಗೆ ಹೋಯ್ತು. ಈಗ ನಿಮ್ಮ ಹತ್ರ ಇರೋದೊಂದೇ.”

“ಇದೆ. ನನ್ನ ಹತ್ರ ಭದ್ರವಾಗಿದೆ.”

“ನಂಗೊತ್ತು. ಬೇರೆ ಯಾರಿಗಾದ್ರೂ ತೋರಿಸಮ್ಮಾ ಅಂದ್ರೆ, ‘ವೇದ ಓದಿ ಅತ್ತಿದಾಳೆ, ನಂಗೆ ಅಷ್ಟು ಸಾಕು’ ಅನ್ನೋಳು.”

ಫೋನಿಟ್ಟ ಮೇಲೆ ಎಷ್ಟೋ ಹೊತ್ತು ವೇದವಲ್ಲಿ ಆ ಒಂಟಿ ಕಾಲುಚೀಲವನ್ನು ಹಿಂಡುತ್ತಲೇ ಇದ್ದಳು. ಹಿಂಡಿದರೆ ಬರಲು ಅದರಲ್ಲಿ ನೀರಿರಲಿಲ್ಲ.

ಶಿವರಾಂಪೇಟೆಯ ಡಿಟಿಪಿ ಸೆಂಟರಿನಲ್ಲಿ ಇಬ್ಬರದೂ ಅಕ್ಕಪಕ್ಕದ ಕುರ್ಚಿ. ಲಗ್ನಪತ್ರಿಕೆ, ಪಿಎಚ್‌ಡಿ ಪ್ರಬಂಧ, ವೈಕುಂಠ ಸಮಾರಾಧನೆಯ ಕಾರ್ಡು, ಹೀಗೆ ಊರಿನ ಸುಖದುಃಖವೆಲ್ಲ ಅವರ ಬೆರಳ ತುದಿಯಿಂದಲೇ ಹಾದುಹೋಗಬೇಕಿತ್ತು. ಊಟದ ಬಿಡುವಿನಲ್ಲಿ ಪದ್ಮ ಎಡಗೈಲಿ ಮೊಸರನ್ನದ ಡಬ್ಬಿ ಹಿಡಿದು ಬಲಗೈಲಿ ತನ್ನ ಕಾದಂಬರಿ ಹೊಡೆಯುವಳು. ಇಣುಕಿದರೆ ಪರದೆ ಮುಚ್ಚುವಳು. “ಮುಗೀಲಿ ತಡಿಯೇ, ಹಸಿ ಬಾಣಂತಿನ ಯಾರಾದ್ರೂ ನೋಡಕ್ ಬರ್ತಾರಾ?” ಎನ್ನುವಳು.

ಆ ಕಾಲದ ಕನ್ನಡ ಫಾಂಟೆಂದರೆ ಒಂದು ವೇಷ. ಒಳಗಿರುವುದೆಲ್ಲ ಇಂಗ್ಲಿಷಿನವೂ ಯುರೋಪಿನವೂ ಆದ ಪರದೇಶಿ ಅಕ್ಷರಗಳು. ಮೇಲೆ ಫಾಂಟು ತೊಡಿಸಿದರೆ ಕನ್ನಡ. ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕಿರೀಟ ಕಳಚಿದ ರಾಜನ ಹಾಗೆ ಗುರುತೇ ಸಿಗದು. ಅದಕ್ಕೇ ಕನ್ನಡ ಟೈಪು ಮಾಡಿ ಬದುಕಿದವರು ಕಸದಂಥ ಅಕ್ಷರ ಕಂಡರೆ ಗಾಬರಿಯಾಗುತ್ತಿರಲಿಲ್ಲ. ಫಾಂಟ್ ಇಲ್ಲ, ಹಾಕಿದರೆ ಬರುತ್ತದೆ ಎಂದುಕೊಂಡು ಸುಮ್ಮನಾಗುತ್ತಿದ್ದರು.

ವೇದವಲ್ಲಿಯೂ ಹಾಗೇ ಸುಮ್ಮನಾಗಿದ್ದಳು. ಮದುವೆಯಾಗಿ ಇಲ್ಲಿಗೆ ಬಂದ ಮರುವರ್ಷ, ಮಡಿಲಲ್ಲಿ ಮೂರು ತಿಂಗಳ ಸ್ಫೂರ್ತಿ, ಹದಿನೆಂಟು ಅಧ್ಯಾಯಕ್ಕೆ ಹದಿನೆಂಟು ಮೇಲ್ ಬಂದಿದ್ದವು. ಮೊದಲನೆಯದರ ತಲೆಯ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಎರಡು ಸಾಲು: “ಫೈಲು ಹೋಗ್ತಾ ಇಲ್ಲ ಕಣೇ, ಮೇಲ್ ಮೈಗೇ ಅಂಟಿಸಿದೀನಿ. ಓದಿ ನಿಜ ಹೇಳು.” ಕೆಳಗೆ ಸಾಲುಸಾಲು ಪ್ರಶ್ನೆ ಚಿಹ್ನೆ. ಫಾಂಟ್ ಹಾಕಿಸಿ ಓದೋಣವೆಂದುಕೊಂಡಳು. ಮಗುವಿಗೆ ಹೊಟ್ಟೆನೋವು, ಗಂಡ ಗುರುರಾಜನಿಗೆ ಓವರ್‌ಟೈಮು. ನಾಲ್ಕನೇ ದಿನ ಪದ್ಮ ಕೇಳಿದಳು, “ಓದಿದ್ಯಾ?” ಗೆಳತಿಯ ಮನಸ್ಸು ನೋಯಿಸಬಾರದೆಂದು ಇವಳು ಬರೆದಳು: “ಓದಿದೆ ಕಣೇ. ಕೊನೇಲಿ ಅಳು ಬಂತು.” ನಿಜವಾಗಿ ಓದಿದರಾಯಿತು, ಮಾತು ನಿಜವಾಗುತ್ತದೆ ಎಂಬ ಲೆಕ್ಕ. ಆ ಓದು ಈ ತಿಂಗಳು, ಮುಂದಿನ ತಿಂಗಳು ಎನ್ನುತ್ತ ಹನ್ನೆರಡು ವರ್ಷವಾಯಿತು.

ಭಾನುವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡಳು. ಹನ್ನೆರಡರ ಸ್ಫೂರ್ತಿಗೆ ಕನ್ನಡ ಕಿವಿಗೆ ಬಂದಷ್ಟು ನಾಲಗೆಗೆ ಬಾರದು.

“ಆ, ಮೊಜಿಬಾಕೆ!” ಎಂದಳು, ಪರದೆ ನೋಡಿದ್ದೇ.

“ಹಾಗಂದ್ರೆ?”

“ಮೊಜಿ ಅಂದ್ರೆ ಲೆಟರ್. ಒಬಾಕೆ ಗೊತ್ತಲ್ಲ, ಘೋಸ್ಟ್? ಲೆಟರ್ಸೆಲ್ಲಾ ಘೋಸ್ಟ್ ಆಗಿದೆ. ದೈಜೋಬು, ಏನಾಗಲ್ಲ ಅಮ್ಮಾ, ವಾಪಸ್ ಮಾಡಬಹುದು.”

ದೆವ್ವ ಹಿಡಿದ ಅಕ್ಷರ. ಹಿಡಿದದ್ದನ್ನು ಬಿಡಿಸುವವರೂ ಇರುತ್ತಾರಲ್ಲ ಎಂದು ವೇದವಲ್ಲಿಗೆ ಜೀವ ಬಂದಂತಾಯಿತು. ಹಳೆಯ ಅಕ್ಷರವನ್ನು ಯೂನಿಕೋಡಿಗೆ ತರುವ ತಾಣವೊಂದನ್ನು ಹುಡುಕಿ, ಮೊದಲು ಪೆನ್‌ಡ್ರೈವಿನಲ್ಲಿದ್ದ ತನ್ನದೇ ಮದುವೆಯ ಕರೆಯೋಲೆಯನ್ನು ಹಾಕಿದರು. ಗುಂಡಿ ಒತ್ತಿದ್ದೇ ತಡ, ಕಸವೆಲ್ಲ ತೊಳೆದುಹೋಗಿ ‘ಚಿ. ಸೌ. ವೇದವಲ್ಲಿ’ ಎದ್ದು ನಿಂತಳು. ತಾಯಿ ಮಗಳು ಇಬ್ಬರೂ ಚಪ್ಪಾಳೆ ತಟ್ಟಿದರು.

“ಏನಮ್ಮಾ ಗದ್ದಲ?” ಗುರುರಾಜ ಒಳಗಿನಿಂದ ಬಂದ. “ನಮ್ಮ ಫ್ಯಾಕ್ಟರೀಲಿ ಮೂವತ್ತು ವರ್ಷದ ಫ್ಯಾಕ್ಸ್ ಮೆಷಿನ್ನು ಇನ್ನೂ ಗುಂಡ್ಕಲ್ಲಿನ ಹಾಗಿದೆ. ನಿಮ್ಮ ಡಿಟಿಪಿಯೋರು ಇಷ್ಟು ಬೇಗ ಕೈ ಎತ್ತಿದ್ರಾ?”

“ಎತ್ತಿಲ್ಲ ಬಿಡಿ, ನೋಡ್ತಾ ಇರಿ,” ಎಂದು ವೇದವಲ್ಲಿ ಮೊದಲ ಅಧ್ಯಾಯವನ್ನು ಹಾಕಿ ಗುಂಡಿ ಒತ್ತಿದಳು.

ಪ್ರಶ್ನೆ ಚಿಹ್ನೆಗಳು ಪ್ರಶ್ನೆ ಚಿಹ್ನೆಗಳಾಗಿಯೇ ಉಳಿದವು. ಅಲ್ಲೊಂದು ‘ಕ್’, ಇಲ್ಲೊಂದು ‘ದ್’, ಜೋಳದ ಹೊಲದಲ್ಲಿ ಹಕ್ಕಿ ತಿಂದು ಬಿಟ್ಟ ಕಾಳಿನಂತೆ. ಎರಡನೆಯದು ಹಾಕಿದಳು, ಏಳನೆಯದು ಹಾಕಿದಳು. ಸ್ಫೂರ್ತಿ ಪರದೆಗೆ ಮೂಗು ತಾಗುವಷ್ಟು ಬಗ್ಗಿ, ಒಂದು ಚಿಹ್ನೆಯನ್ನು ಆರಿಸಿ ಏನೋ ಪರೀಕ್ಷಿಸಿದಳು.

“ಅಮ್ಮಾ, ಇದು ಘೋಸ್ಟ್ ಅಲ್ಲ. ಇದು ನಿಜವಾದ ಕ್ವೆಶ್ಚನ್ ಮಾರ್ಕೇ. ಹಿಂದೆ ಏನೂ ಇಲ್ಲ.”

“ಏನೂ ಇಲ್ಲ ಅಂದ್ರೆ?”

ಉತ್ತರ ಹೇಳಿದವನು ಗುರುರಾಜ. ಆಗ ಅವರು ಬಳಸುತ್ತಿದ್ದ ಮೇಲ್ ಇಲ್ಲಿನದು. ಜಪಾನೀ ಲಿಪಿ, ಸಾದಾ ಇಂಗ್ಲಿಷ್ ಎರಡು ಬಿಟ್ಟರೆ ಅದಕ್ಕೆ ಬೇರೆ ಗೊತ್ತಿರಲಿಲ್ಲ. ಗುರುತು ಸಿಗದ ಅಕ್ಷರ ಬಂದರೆ ಅದನ್ನು ಬಿಸಾಡಿ ಆ ಜಾಗದಲ್ಲಿ ಪ್ರಶ್ನೆ ಚಿಹ್ನೆ ಇಟ್ಟುಬಿಡುತ್ತಿತ್ತು. ಅವನು ದನಿ ತಗ್ಗಿಸಿ ಕೇಳಿದ: “ಆಗ್ಲೇ ಒಂದು ಮಾತು ಅವಳಿಗೆ ಹೇಳಿದ್ರೆ ಇನ್ನೊಂದ್ಸಲ ಕಳಿಸ್ತಿದ್ಲಲ್ಲೇ?”

ವೇದವಲ್ಲಿ ಲ್ಯಾಪ್‌ಟಾಪ್ ಮುಚ್ಚಲಿಲ್ಲ. ಹದಿನೆಂಟನೆಯ ಮೇಲ್‌ನ ಕಟ್ಟಕಡೆಗೆ ಇಳಿದಳು. ಯಾವ ಇಂಗ್ಲಿಷ್ ಅಕ್ಷರದ ಮೇಲೆ ಯಾವ ಕನ್ನಡ ಅಕ್ಷರ ಕೂರುತ್ತದೆಂಬುದು ಅವಳ ಬೆರಳಿಗೇ ಗೊತ್ತು. ಕೊನೆಯ ಪದ ಹೀಗಿತ್ತು: ??Az????. A ಎಂದರೆ ಸೊನ್ನೆ, z ಎಂದರೆ ದಕಾರ. ಕೊನೆಗೆ ‘ಳು’ ಎಂದಿಟ್ಟುಕೊಂಡರೂ ತಲೆಯ ಅಕ್ಷರ ಯಾವುದು? ‘ಬೆಂದಳು’ ಎಂದರೂ ಲೆಕ್ಕ ಸರಿಹೊಂದುತ್ತದೆ. ‘ಮಿಂದಳು’ ಎಂದರೂ ಸರಿಹೊಂದುತ್ತದೆ. ಯಾರು ಬೆಂದಳು, ಯಾರು ಮಿಂದಳು, ಯಾವ ಹೆಂಗಸಿನ ಕಥೆಯಿದು, ಪಕ್ಕದ ಕುರ್ಚಿಯಲ್ಲಿ ಅಷ್ಟು ವರ್ಷ ಕೂತವಳಿಗೆ ಅದೂ ತಿಳಿಯದು.

ಎರಡು ದಿನ ಬಿಟ್ಟು ದೀಕ್ಷಾಳಿಗೆ ತಾನೇ ಫೋನು ಮಾಡಿದಳು. ಅಕ್ಷರ ಹೋದದ್ದನ್ನೆಲ್ಲ ಹೇಳಿದಳು.

“ಹೋಗ್ಲಿ ಬಿಡಿ ಆಂಟಿ, ನೀವು ಓದಿದೀರಲ್ಲ. ಕಥೆ ನೆನಪಿರೋಷ್ಟು ಹೇಳಿ, ನಾನು ಬರ್ಕೋತೀನಿ. ಕೊನೇಲಿ ಏನಾಗತ್ತೆ?”

‘ಮೀಯುತ್ತಾಳೆ ಕಣೇ, ಹೊಳೇಲಿ ಮಿಂದು ಮೇಲೆ ಬರ್ತಾಳೆ’ ಎಂಬುದು ನಾಲಗೆಯ ತುದಿಯಲ್ಲಿತ್ತು. ಹೇಳಿದ್ದರೆ ಮಗು ನಂಬುತ್ತಿತ್ತು.

“ನಾನು ಓದಿಲ್ಲ, ದೀಕ್ಷಾ.”

ಆ ಕಡೆ ಕುಕ್ಕರು ಒಂದು ಸೀಟಿ ಹಾಕಿತು.

“ಮತ್ತೆ ಅಳು ಬಂತು ಅಂದಿದ್ದು?”

“ಸುಳ್ಳು.”

ಎರಡನೇ ಸೀಟಿಯ ಹೊತ್ತಿಗೆ ದೀಕ್ಷಾ ಹೇಳಿದಳು: “ಆಕ್ಸಿಜನ್ ಹಾಕೋಕೆ ಬಂದ ನರ್ಸ್‌ಗೂ ಅಮ್ಮ ಹೇಳಿದ್ಲಂತೆ. ‘ನಾನೊಂದು ಕಾದಂಬರಿ ಬರ್ದಿದೀನಿ, ಓದಿದೋರು ಅತ್ತಿದಾರೆ’ ಅಂತ. ಆ ನರ್ಸೇ ಆಮೇಲೆ ಫೋನ್ ಮಾಡಿ ಹೇಳಿದ್ರು ನಮ್ಗೆ.”

ವೇದವಲ್ಲಿ ಬಾಯಿಗೆ ಸೆರಗಿಲ್ಲದೆ ಅಂಗಿಯ ತೋಳನ್ನೇ ಒತ್ತಿಕೊಂಡಳು.

“ನಿಮ್ಗೆ ಆ ಅಕ್ಷರ ಗೊತ್ತಲ್ವಾ,” ದನಿ ಈಗ ಅಂಗಡಿಯವನೊಡನೆ ಮಾತಾಡಿದಷ್ಟು ಸಪಾಟಾಗಿತ್ತು, “ಉಳ್ದಿರೋದನ್ನ ಬರೆದು ಕಳ್ಸಿ. ಗೊತ್ತಿಲ್ಲದ ಕಡೆ ಖಾಲಿ ಬಿಡಿ. ನಿಮ್ಮ ಕಡೆಯಿಂದ ಏನೂ ಸೇರಿಸ್ಬೇಡಿ.” ಆಂಟಿ ಎನ್ನಲಿಲ್ಲ.

ಮರುದಿನ ಬೆಳಗ್ಗೆ ಪೆನ್‌ಡ್ರೈವ್ ಹಿಡಿದು ಮೂಲೆಯ ಕೊಂಬಿನಿ ಅಂಗಡಿಗೆ ಹೋದಳು. ಪರದೆಯ ಮೇಲೆ ಆಗದು, ಕಾಗದದ ಮೇಲೆ ಪೆನ್ಸಿಲಿನಲ್ಲೇ ಮಾಡಬೇಕಾದ ಕೆಲಸ ಅದು. ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡು, ಬಾಗಿಲ ಪಕ್ಕದ ಯಂತ್ರಕ್ಕೆ ಹದಿನೆಂಟು ಅಧ್ಯಾಯವನ್ನೂ ಒಪ್ಪಿಸಿದಳು. ಅದು ಮುದ್ರಿಸುತ್ತಲೇ ಹೋಯಿತು.

ಇಷ್ಟು ಹೊತ್ತು ಓಡುತ್ತಿದೆಯಲ್ಲ ಎಂದು ಕೌಂಟರಿನ ಪ್ಲಾಸ್ಟಿಕ್ ಪರದೆಯ ಹಿಂದಿನಿಂದ ಓಇಶಿ-ಸಾನ್ ಬಂದಳು, ವೇದವಲ್ಲಿಗಿಂತ ಹತ್ತು ವರ್ಷ ಹಿರಿಯಳು. ತಟ್ಟೆಯಲ್ಲಿ ಬೀಳುತ್ತಿದ್ದ ಹಾಳೆಯೊಂದನ್ನು ನೋಡಿದಳು, ಅದರಡಿಯದನ್ನು ನೋಡಿದಳು. ಕೈ ಮಾಸ್ಕಿನ ಮೇಲೆ ಹೋಯಿತು. ಎರಡು ಹೆಜ್ಜೆ ಹಿಂದೆ ಸರಿದು ನಡು ಬಗ್ಗಿಸಿದಳು. ಯಂತ್ರ ಕೆಟ್ಟಿದೆ, ನಿಮ್ಮ ಬರಹವನ್ನೆಲ್ಲ ಹಾಳು ಮಾಡಿದೆ, ದೊಡ್ಡ ಅಪರಾಧವಾಯಿತು, ಪೂರ್ತಿ ಮತ್ತೆ ಮಾಡಿಕೊಡುತ್ತೇವೆ ಎಂದಳು.

ಯಂತ್ರದ ತಪ್ಪಲ್ಲ ಎನ್ನಲು ಬೇಕಾದಷ್ಟು ಜಪಾನಿ ವೇದವಲ್ಲಿಗೆ ಬರುತ್ತಿತ್ತು. ಬಾಯಿಗೆ ಬಂದದ್ದು ಒಂದೇ ಮಾತು, “ಸುಮಿಮಾಸೆನ್.” ತಪ್ಪಾಯಿತು, ಕ್ಷಮಿಸಿ.

ಓಇಶಿ-ಸಾನ್ ಅದನ್ನು ಉಪಚಾರವೆಂದುಕೊಂಡು ಇನ್ನೂ ಕೆಳಗೆ ಬಗ್ಗಿದಳು. ವೇದವಲ್ಲಿಯೂ ಬಗ್ಗಿದಳು, ತಲೆಯೆತ್ತಲಿಲ್ಲ. ಇಬ್ಬರ ನಡುವೆ ಯಂತ್ರ ಹನ್ನೊಂದನೆಯ ಅಧ್ಯಾಯವನ್ನು ಒಂದೊಂದೇ ಹಾಳೆಯಾಗಿ ಹೊರಗೆ ತಳ್ಳುತ್ತಿತ್ತು. ಹಾಳೆಗಳು ಇನ್ನೂ ಬೆಚ್ಚಗಿದ್ದವು.