ಎಡಗಡೆಯ ಜಾಗ

ಸ್ನಾನ ಮುಗಿಸಿ ಕಡ್ಡಿ ಬರುವಷ್ಟರಲ್ಲಿ ಪಕ್ಕದ ಮಂಚದ ಹಾಸಿಗೆ ಎತ್ತಿಕೊಂಡು ಹೋಗಿದ್ದರು. ಬರೀ ಕಬ್ಬಿಣದ ಪಟ್ಟಿಗಳು ಉಳಿದಿದ್ದವು. ಅದು ಅಕ್ಕನ ಮಂಚ. ವಯಸ್ಸಿನಲ್ಲಿ ದೊಡ್ಡವಳೆಂದು ಪೊಲೀಸ್ ತರಬೇತಿಗೆ ಬಂದ ಹುಡುಗಿಯರೆಲ್ಲ ಅವಳನ್ನು ಅಕ್ಕ ಎನ್ನುತ್ತಿದ್ದರು. ಇವಳಿಗೆ ಕಡ್ಡಿ ಎಂದು ಹೆಸರಿಟ್ಟದ್ದೂ, ಅತ್ತಾಗ ಬೈದು ಉಣ್ಣಿಸಿದ್ದೂ ಅವಳೇ.

ತರಬೇತಿ ಶಾಲೆಯ ಸಾಹೇಬರ ಮನೆಯ ಪಾತ್ರೆ ತೊಳೆಯುವ ಸರದಿ ಬಂದಾಗ ಅಕ್ಕ, "ನಾನು ಪೊಲೀಸಾಗೋಕೆ ಬಂದಿದ್ದು, ಮುಸುರೆ ತಿಕ್ಕೋಕಲ್ಲ" ಅಂದುಬಿಟ್ಟಳು. ಅಂದಿನಿಂದ ಡ್ರಿಲ್ ಮಾಸ್ತರ ಅವಳ ತಲೆಯ ಮೇಲೆ ರೈಫಲ್ ಹೊರಿಸಿ ದಿನಾ ಮೈದಾನ ಸುತ್ತಿಸಿದ. ನಿನ್ನೆ ಪಾದದ ಮೂಳೆ ಮುರಿಯಿತು. ಆಸ್ಪತ್ರೆಯಿಂದ ಹಾಗೇ ಊರಿಗೆ ಕಳಿಸಿದರು.

"ವಾಸಿಯಾದ್ಮೇಲೆ ಬರ್ತಾಳಲ್ವಾ ಸಾರ್?" ಕಡ್ಡಿ ಮಾಸ್ತರನನ್ನು ಕೇಳಿದಳು.

"ಮದುವೆ ಗೊತ್ತಾಗಿದೆಯಂತೆ, ತಾನೇ ಬಿಟ್ಟು ಹೋದ್ಲು," ಮಾಸ್ತರ ನಕ್ಕ. "ಇವತ್ತು ತಪಾಸಣೆಗೆ ದೊಡ್ಡ ಸಾಹೇಬ್ರು ಬರ್ತಾರೆ. ಹುಡುಗೀರು ಯಾಕೆ ನಿಲ್ತಿಲ್ಲ ಅಂತ ಕೇಳ್ತಾರೆ. ಪಕ್ಕದ ಮಂಚದೋಳು ನೀನು. ಇದನ್ನೇ ಹೇಳು."

"ಹಾಗಂದ್ರೆ ಅವಳನ್ನ ಮತ್ತೆ ಸೇರಿಸ್ಕೊಳ್ಳಲ್ವಲ್ಲ ಸಾರ್."

"ನಿನ್ನ ಕೆಲಸ ನಿಂಗೆ ಬೇಕೋ ಬೇಡ್ವೋ?"

ತಿಂಡಿಯ ಬೆಂಚಿನಲ್ಲಿ ಮಾಸ್ತರನಿಗೆ ಹೆದರಿ ಅವಳ ಪಕ್ಕ ಯಾರೂ ಕೂರಲಿಲ್ಲ. ಅಮ್ಮನಿಗೆ ಫೋನ್ ಮಾಡಿದಳು.

"ಯಾಕೆ ದನಿ ಕುಗ್ಗಿದೆ?"

"ಕೂಗಿ ಕೂಗಿ ಗಂಟಲು ಕಟ್ಟಿದೆ ಅಷ್ಟೇ."

"ತರಕಾರಿಯವನು ಈಗ ನಂಗೆ ತೂಕ ಸರಿಯಾಗಿ ಹಾಕ್ತಾನೆ ಕಣೇ. ಪೊಲೀಸಮ್ಮನ ತಾಯಿ ಅಲ್ವಾ?"

"ಪೆರೇಡಿಗೆ ಹೊತ್ತಾಯ್ತಮ್ಮ," ಅಂದು ಕಡ್ಡಿ ಫೋನ್ ಇಟ್ಟಳು.

ಯಾರಾದರೂ ಬಿಟ್ಟು ಹೋದರೆ ಪೆರೇಡಿನಲ್ಲಿ ಬಲಗಡೆಯವರು ಎಡಕ್ಕೆ ಸರಿದು ಆ ಜಾಗ ಮುಚ್ಚಬೇಕು. ಹೋದವಳು ಅಲ್ಲಿ ನಿಂತಿದ್ದಳೆಂಬ ಗುರುತೂ ಉಳಿಯುವುದಿಲ್ಲ. ಈವರೆಗೆ ಎಲ್ಲರೂ ಹಾಗೇ ಸರಿದಿದ್ದರು, ಕಡ್ಡಿಯೂ.

"ಜಾಗ ಮುಚ್ಚಿ," ಮಾಸ್ತರ ಕೂಗಿದ.

ಅಕ್ಕ ನಿಲ್ಲುತ್ತಿದ್ದದ್ದು ಕಡ್ಡಿಯ ಎಡಗಡೆಗೇ. ಕಡ್ಡಿ ಕದಲಲಿಲ್ಲ. ಅವಳು ಸರಿಯದೆ ಅವಳ ಬಲಗಡೆಯವರು ಸರಿಯುವಂತಿರಲಿಲ್ಲ. ದೊಡ್ಡ ಸಾಹೇಬರು ಆ ಖಾಲಿ ಜಾಗದ ಮುಂದೆ ಬಂದು ನಿಂತರು.

"ಇಲ್ಲಿದ್ದೋಳು ಎಲ್ಲಿ?"

"ಕಾಲು ಮುರ್ಕೊಂಡು ಮನೇಲಿದಾಳೆ ಸಾರ್. ಮುಸುರೆ ತಿಕ್ಕಲ್ಲ ಅಂದಿದ್ದಕ್ಕೆ ಓಡಿಸಿ ಓಡಿಸಿ ಮುರಿದ್ರು. ಅವಳು ಬಿಟ್ಟು ಹೋಗಿಲ್ಲ."

"ಬಿಸಿಲಿಗೆ ತಲೆ ತಿರುಗಿದೆ ಸಾರ್ ಇವಳಿಗೆ," ಮಾಸ್ತರ ಅಂದ.

ದೊಡ್ಡ ಸಾಹೇಬರು ಗಡಿಯಾರ ನೋಡಿಕೊಂಡರು. "ಹಾಗಿದ್ರೆ ಇವಳನ್ನೂ ಮನೆಗೆ ಕಳಿಸಿ."

ಕಡ್ಡಿ ಸಾಲು ಬಿಟ್ಟು ನಡೆದಳು. ಮೈದಾನ ಇಷ್ಟು ದೊಡ್ಡದೆಂದು ಅವಳಿಗೆ ಯಾವತ್ತೂ ಅನ್ನಿಸಿರಲಿಲ್ಲ. ಹಿಂದಿನಿಂದ ಮಾಸ್ತರನ ದನಿ ಕೇಳಿತು. "ಜಾಗ ಮುಚ್ಚಿ."

ಬೂಟುಗಳ ಸದ್ದಿಗಾಗಿ ಅವಳ ಬೆನ್ನೆಲ್ಲ ಕಿವಿಯಾಯಿತು. ಒಂದು ಬೂಟೂ ಸದ್ದು ಮಾಡಲಿಲ್ಲ.

ಮಾಸ್ತರ ಮತ್ತೆ ಕೂಗಿದ. ಈ ಸಲ ದನಿ ಒಡೆದಿತ್ತು.